ವಿಭೂತಿ ಹಚ್ಚಿದ ಡಾಲರ್

ಚಿಲ್ಲರೆ ಕೊಡುವಾಗ ನಾಣ್ಯವನ್ನು ಅಂಚಿನಲ್ಲಿ ಹಿಡಿಯುವುದು ನನಗೆ ಅಂಟಿದ ಒಂದು ಚಟ. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ, ನಾಣ್ಯದ ಮುಖಕ್ಕೂ ಬೆನ್ನಿಗೂ ಬೆರಳು ಸೋಕದ ಹಾಗೆ ಹಿಡಿಯುತ್ತೇನೆ. ನಮ್ಮ ಬೀದಿಗೆ ಸೊಪ್ಪು ತರುವ ಗೌರಮ್ಮ ಇದನ್ನು ಬಹಳ ದಿನ ನೋಡಿ, ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾಕ್ ಸಾಮಿ, ಐದ್ ರೂಪಾಯಿ ಸುಡ್ತದಾ?"

"ಒಂದ್ಸಲ ಸುಟ್ಟಿತ್ತು ಗೌರಮ್ಮ," ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕೇಳದೆಯೇ ಎರಡು ಎಸಳು ಕೊತ್ತಂಬರಿ ಜಾಸ್ತಿ ಹಾಕಿದಳು. ತಲೆ ಸರಿಯಿಲ್ಲದವರ ಮೇಲೆ ನಮ್ಮ ಜನಕ್ಕೆ ಕರುಣೆ ಹೆಚ್ಚು. ಬೀದಿಯಲ್ಲಿ ನಿಂತು ಅವಳಿಗೆ ಪೂರ್ತಿ ಕಥೆ ಹೇಳಲು ಆಗಲಿಲ್ಲ. ನಿಮಗಾದರೆ ಹೇಳಬಹುದು, ನೀವು ಹೇಗೂ ಕೂತಿದ್ದೀರಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಲೆಂಡಿನ ಐಂಡ್‌ಹೋವನ್ನಿನಲ್ಲಿ ಒಬ್ಬ ನಾಣ್ಯತಜ್ಞನಾಗಿದ್ದೆ. ಒಟ್ಟು ನಾಲ್ಕು ತಿಂಗಳು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಂಡು, ಧೂಳಿನ ಒಂದು ಕಣವೂ ಇರಬಾರದ ಕೋಣೆಯಲ್ಲಿ ದಿನವಿಡೀ ಓಡಾಡಬೇಕು. ಸಿಲಿಕಾನ್ ಬಿಲ್ಲೆಯೊಂದನ್ನು ಯಾರಾದರೂ ಬಟ್ಟೆಯಲ್ಲಿ ಒರೆಸಿದರೆ ನಾನು ಮುಸುಕಿನೊಳಗಿಂದಲೇ ಕೂಗಾಡುತ್ತಿದ್ದೆ. ಒರೆಸುವುದೆಂದರೆ ಗೀರುವುದು ಎಂದು ಹೊಸಬರಿಗೆ ಪಾಠ ಹೇಳುವ ಜವಾಬ್ದಾರಿಯೂ ನನ್ನದೇ. ಈ ಮಾತು ನೆನಪಿರಲಿ. ಮುಂದೆ ನೀವು ನನ್ನನ್ನು ಬೈಯುವಾಗ ಅನುಕೂಲಕ್ಕೆ ಬರುತ್ತದೆ.

ನಾಣ್ಯದ ಹುಚ್ಚು ಹತ್ತಿದ್ದು ಬೇಸರದಿಂದ. ಶನಿವಾರ ಬಂದರೆ ನನ್ನ ಹೆಂಡತಿ ಸುಧಾ ಡಚ್ ಭಾಷೆಯ ತರಗತಿಗೆ ಹೋಗುತ್ತಿದ್ದಳು. ನಾನು ಆ ತರಗತಿಯಿಂದ ಎರಡೇ ವಾರಕ್ಕೆ ತಪ್ಪಿಸಿಕೊಂಡವನು. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಏಳೆಂಟು ಮಂದಿ ಮುದುಕರು ಭೂತಗನ್ನಡಿ ಹಿಡಿದು ಬಗ್ಗಿ ಕೂತಿರುತ್ತಿದ್ದರು. ಕಾಫಿ ಬಿಟ್ಟಿಯಾಗಿ ಸಿಗುತ್ತದೆಂದು ಒಳಹೊಕ್ಕೆ. ಹೊರಬರುವಾಗ ನಾನೂ ಒಂದು ಭೂತಗನ್ನಡಿ ಕೊಂಡಿದ್ದೆ. ಅವರಲ್ಲಿ ಪೀಟರ್ ಎಂಬಾತ ಕೆನಡಾದ ನಾಣ್ಯಗಳ ಭಕ್ತ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಹಾಲೆಂಡಿನ ಎಷ್ಟೋ ಊರುಗಳನ್ನು ಜರ್ಮನರಿಂದ ಬಿಡಿಸಿದ್ದು ಕೆನಡಾದ ಸೈನಿಕರು. ಹಾಗಾಗಿ ಆ ದೇಶದ ಗುರುತಾದ ಮೇಪಲ್ ಎಲೆ ಕಂಡರೆ ಅಲ್ಲಿನ ಹಿರಿಯರ ದನಿ ಇವತ್ತಿಗೂ ಮೆತ್ತಗಾಗುತ್ತದೆ.

ಪೀಟರ್ ನನಗೆ ಎರಡು ಪಾಠ ಹೇಳಿಕೊಟ್ಟ. ಮೊದಲನೆಯದು, ನಾಣ್ಯವನ್ನು ಅಂಚಿನಲ್ಲೇ ಹಿಡಿ. ಎರಡನೆಯದು, ನಾಣ್ಯ ಎಷ್ಟು ಚೆನ್ನಾಗಿದೆ ಎಂದು ಮಾರುವವನನ್ನೂ ಕೇಳಬೇಡ, ಕೊಳ್ಳುವವನನ್ನೂ ಕೇಳಬೇಡ, ಮೂರನೆಯವನನ್ನು ಕೇಳು. ಆ ಮೂರನೆಯವನು ಟೊರೊಂಟೊದಲ್ಲಿದ್ದ ಒಂದು ಸಂಸ್ಥೆ. ಅಲ್ಲಿಗೆ ಅಂಚೆಯಲ್ಲಿ ನಾಣ್ಯ ಕಳಿಸಿದರೆ ಅವರು ಅದು ಅಸಲಿಯೋ ನಕಲಿಯೋ ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿಯೊಳಗಿಟ್ಟು, ಅಂಚು ಬೆಸೆದು, ಚೀಟಿ ಸಮೇತ ವಾಪಸು ಕಳಿಸುತ್ತಾರೆ. ಆ ಡಬ್ಬಿಯನ್ನು ಒಡೆಯದೆ ನಾಣ್ಯವನ್ನು ಹೊರತೆಗೆಯುವಂತಿಲ್ಲ, ಒಡೆದರೆ ಅಂಕವೂ ಹೋಯಿತು. ಅಗ್ಗದ ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಏನಾಗುತ್ತದೆಂದೂ ಪೀಟರ್ ತೋರಿಸಿದ. ಆ ಪ್ಲಾಸ್ಟಿಕ್ ವರ್ಷ ಕಳೆದಂತೆ ಬೆವತು, ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ನೋಡಿದರೆ ಮಳೆಗಾಲದಲ್ಲಿ ಮರೆತ ಉಪ್ಪಿನಕಾಯಿಯ ನೆನಪಾಗುತ್ತಿತ್ತು.

ಎಪ್ಪತ್ತಕ್ಕೆ ಅಂಕ ಎಂದಾಗ ನನಗೆ ತಟ್ಟನೆ ನಮ್ಮಪ್ಪ ಕಣ್ಣಮುಂದೆ ಬಂದರು. ಅಪ್ಪ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಬೇಸಿಗೆಯಲ್ಲಿ ಯಾವುದೋ ದೂರದ ಜಿಲ್ಲೆಯ ಮಕ್ಕಳ ಉತ್ತರ ಪತ್ರಿಕೆಗಳು ಕಟ್ಟುಕಟ್ಟಾಗಿ ಮನೆಗೆ ಬರುತ್ತಿದ್ದವು. ಬರೆದವರು ಯಾರೆಂದು ಅಪ್ಪನಿಗೆ ಗೊತ್ತಿಲ್ಲ, ತಿದ್ದುವವರು ಯಾರೆಂದು ಆ ಮಕ್ಕಳಿಗೂ ಗೊತ್ತಿಲ್ಲ. ಆ ಹದಿನೈದು ದಿನ ಅಪ್ಪನ ಕೋಣೆಯೊಳಗೆ ಅಮ್ಮ ಕಾಫಿ ಲೋಟ ಕೂಡ ತರುವಂತಿರಲಿಲ್ಲ. ಹೊಸಿಲಾಚೆ ಇಟ್ಟು ಬಳೆ ಸದ್ದು ಮಾಡಿ ಹೋಗಬೇಕು. ಆ ಗಾಂಭೀರ್ಯದಲ್ಲೇ ನಾನು ಟೊರೊಂಟೊವನ್ನು ಕಲ್ಪಿಸಿಕೊಂಡೆ. ಅಲ್ಲಿ ಅಪ್ಪನಂಥವರು ಕನ್ನಡಕ ಏರಿಸಿ ಕೂತಿರುತ್ತಾರೆ, ಹೊಸಿಲಾಚೆ ಕಾಫಿ ಆರುತ್ತಿರುತ್ತದೆ.

ನಮ್ಮ ಮನೆಯೊಡತಿಯ ಹೆಸರು ಕೋರಿ. ಅರವತ್ತೆರಡು ದಾಟಿದ್ದ ಒಂಟಿ ಹೆಂಗಸು. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಮನೆಯಲ್ಲಿ ನಾವು. ಗುರುವಾರ ಹತ್ತೂವರೆಗೆ ಸುಧಾಗೆ ಕೆಳಗೆ ಕಾಫಿಗೆ ಕರೆ ಬರುತ್ತಿತ್ತು. ನನಗೆ ರಜೆಯಿದ್ದ ಒಂದು ಗುರುವಾರ ನಾನೂ ಹೋದೆ. ಹೋದವನು ಸುಮ್ಮನೆ ಕಾಫಿ ಕುಡಿದು ಬರಬಹುದಿತ್ತು. ಆದರೆ ಹೊಸದಾಗಿ ವಿದ್ಯೆ ಕಲಿತವನ ನಾಲಗೆ ಸುಮ್ಮನಿರುತ್ತದೆಯೇ? ನಾಣ್ಯಗಳ ವಿಷಯ ಎತ್ತಿ ಅರ್ಧ ಗಂಟೆ ಕೊರೆದೆ. ಕೋರಿ ಎದ್ದು ಹೋಗಿ ಗುಂಡಿಗಳ ಡಬ್ಬಿಯೊಂದನ್ನು ತಂದರು. ಗುಂಡಿಗಳನ್ನು ಸರಿಸಿ, ಕಪ್ಪಾದ ಒಂದು ದೊಡ್ಡ ನಾಣ್ಯವನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು.

ಅದು ಕೆನಡಾದ ಬೆಳ್ಳಿ ಡಾಲರ್. ಒಂದು ಬದಿಯಲ್ಲಿ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ದೋಣಿಗೆ ಹುಟ್ಟು ಹಾಕುತ್ತಿರುವ ಇಬ್ಬರು. ಬಾಣಲೆಯ ತಳದಷ್ಟು ಕಪ್ಪು. ಓರೆಯಾಗಿ ಹಿಡಿದರೆ ಅಂಚಿನಲ್ಲಿ ನೇರಳೆ, ನೀಲಿ ಬಣ್ಣಗಳು ತೇಲಿಹೋಗುತ್ತಿದ್ದವು.

"ನನಗಾಗ ಹತ್ತು ವರ್ಷ," ಎಂದರು ಕೋರಿ. "ನನ್ನ ತಮ್ಮ ಹೆಂಕ್‌ಗೆ ಎಂಟು. ನಮ್ಮೂರಿಗೆ ಕೆನಡಾದವರು ಬಂದ ದಿನ ಒಬ್ಬ ಸೈನಿಕ ನಮ್ಮಿಬ್ಬರನ್ನೂ ಗಾಡಿ ಮೇಲೆ ಹತ್ತಿಸಿಕೊಂಡ. ಇಳಿಸುವಾಗ ಇದನ್ನ ಕೊಟ್ಟ. ಇಬ್ಬರಿಗೂ ಸೇರಿ ಒಂದೇ. ಹೆಂಕ್ ದಿನಾ ನನಗೆ ಕೊಡು, ನನಗೆ ಕೊಡು ಅಂತ ಪೀಡಿಸ್ತಿದ್ದ. ನಾನು ಅದನ್ನ ಬಚ್ಚಿಟ್ಟು, ಕಾಲುವೆಗೆ ಬಿತ್ತು ಅಂತ ಸುಳ್ಳು ಹೇಳಿದೆ."

ಹದಿನೈದು ವರ್ಷವಾದ ಮೇಲೆ, ಮದುವೆಯಾದ ಮೇಲೆ, ನಾಚಿಕೆಯಾಗಿ ನಿಜ ಹೇಳಿ ನಾಣ್ಯ ತೋರಿಸಿದರಂತೆ. ಹೆಂಕ್ ನಂಬಲಿಲ್ಲ. ಅಂದಿನದು ಬೆಳ್ಳಗೆ ಹೊಳೆಯುತ್ತಿತ್ತು, ಇದು ಸಂತೆಯಲ್ಲಿ ಕೊಂಡ ತಗಡು, ನನ್ನನ್ನು ಸಮಾಧಾನಪಡಿಸಲು ಇನ್ನೊಂದು ಸುಳ್ಳು ಹೇಳುತ್ತಿದ್ದೀಯ ಎಂದನಂತೆ. ಅಂದಿನಿಂದ ಅಕ್ಕ ಏನು ಹೇಳಿದರೂ 'ಕಾಲುವೆಗೆ ಬಿತ್ತು ಅಂದವಳಲ್ಲವೇ ನೀನು' ಎನ್ನುತ್ತಾನೆ, ನಗುತ್ತಲೇ ಎನ್ನುತ್ತಾನೆ, ಆದರೆ ನಂಬುವುದಿಲ್ಲ.

"ಇದು ಅಸಲಿ ಅಂತ ನಿಮ್ಮ ಆ ಮೂರನೆಯವರು ಬರೆದು ಕೊಡ್ತಾರಾ?" ಎಂದು ಕೇಳಿದರು. "ಅವನಿಗೆ ತೋರಿಸಬೇಕು. ಅಕ್ಟೋಬರ್‌ನಲ್ಲಿ ನನ್ನ ಹುಟ್ಟುಹಬ್ಬಕ್ಕೆ ಬರ್ತಾನೆ. ನನ್ನ ಮಾತು ಒಂದ್ಸಲ ಅವನು ನಂಬಿದರೆ ಸಾಕು."

ಅವರು ಕೇಳಿದ್ದು ಇಷ್ಟೇ. ಅಂಕ ಕೇಳಲಿಲ್ಲ, ಬೆಲೆ ಕೇಳಲಿಲ್ಲ. "ಬರೆದು ಕೊಡೋದೇನು, ಪ್ಲಾಸ್ಟಿಕ್ಕಿನಲ್ಲಿ ಬೆಸೆದೇ ಕೊಡ್ತಾರೆ," ಎಂದು ಎದೆಯುಬ್ಬಿಸಿ ನಾಣ್ಯವನ್ನು ಮೇಲೆ ತಂದೆ. ಪೀಟರ್ ಕೈಯಲ್ಲಿ ಕೊಟ್ಟಿದ್ದರೆ ಅವನೇ ಕಳಿಸುತ್ತಿದ್ದ. ನಾನೂ ತಜ್ಞನಲ್ಲವೇ, ನಾನೇ ಕಳಿಸುತ್ತೇನೆಂದು ನಿಶ್ಚಯಿಸಿದೆ.

ಅದು ವರಮಹಾಲಕ್ಷ್ಮಿ ಹಬ್ಬದ ವಾರ. ಸುಧಾ ಅಡುಗೆಮನೆಯ ಮೇಜಿನ ಮೇಲೆ ಬೆಳ್ಳಿ ಕುಂಕುಮದ ಭರಣಿ, ಪಂಚಪಾತ್ರೆ, ಪುಟ್ಟ ದೀಪಗಳನ್ನು ಹರಡಿಕೊಂಡಿದ್ದಳು. ಪಕ್ಕದಲ್ಲಿ ನಂಜನಗೂಡಿನಿಂದ ತಂದ ವಿಭೂತಿ ಗಟ್ಟಿ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ವಿಭೂತಿಯನ್ನು ಪುಡಿಮಾಡಿ, ಒದ್ದೆ ಬಟ್ಟೆಯ ಚೂರಿಗೆ ಹಚ್ಚಿಕೊಂಡು ತಿಕ್ಕಿದರೆ ಬೆಳ್ಳಿ ಅಕ್ಕಸಾಲಿಯ ಅಂಗಡಿಯಿಂದ ಈಗ ಬಂತೇನೋ ಎನ್ನುವಂತಾಗುತ್ತದೆ. ಬಾಲ್ಯದಲ್ಲಿ ನಾನು ಯಾವುದರಲ್ಲೂ ಮುಂದಿರಲಿಲ್ಲ. ಓಟದಲ್ಲಿ ಕೊನೆ, ಹಾಡಿಸಿದರೆ ಬೆಕ್ಕು ಎದ್ದುಹೋಗುತ್ತಿತ್ತು, ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಸಿದರೆ ಅಕ್ಕಂದಿರು ಒಲೆಗೆ ಹಾಕುತ್ತಿದ್ದರು. ಬೆಳ್ಳಿ ಬೆಳಗುವುದೊಂದರಲ್ಲಿ ಮಾತ್ರ ಇಡೀ ವಠಾರಕ್ಕೆ ನಾನೇ ಮೊದಲು. ಹಬ್ಬ ಬಂದರೆ ಅಕ್ಕಪಕ್ಕದವರು ನನ್ನನ್ನು ಕರೆಸುತ್ತಿದ್ದರು. "ಈ ಮಗು ಕೈ ಬಿದ್ರೆ ಬೆಳ್ಳಿ ನಗುತ್ತೆ," ಎಂದು ಅಮ್ಮ ಎಲ್ಲರೆದುರು ಹೇಳುತ್ತಿದ್ದಳು. ಮುಂದೆ ನನಗೆ ಸಿಕ್ಕ ಎರಡು ಪದವಿ, ಒಂದು ಬಡ್ತಿ ಇವು ಯಾವುವೂ ಆ ಮಾತಿನಷ್ಟು ಸುಖ ಕೊಟ್ಟಿಲ್ಲ.

ಕೋರಿಯ ಕಪ್ಪು ಡಾಲರ್ ಕೈಯಲ್ಲಿತ್ತು, ವಿಭೂತಿ ಮೇಜಿನ ಮೇಲಿತ್ತು. ಪರೀಕ್ಷೆಗೆ ಹೋಗುವ ಮಗುವಿನ ಮುಖ ತೊಳೆದು ಕಳಿಸುವುದಿಲ್ಲವೇ?

"ರೀ, ಏನ್ ಮಾಡ್ತಿದೀರಾ?" ಎಂದಳು ಸುಧಾ.

"ಸ್ವಲ್ಪ ಬೆಳಗ್ತೀನಿ. ಹೀಗೇ ಕಳಿಸಿದ್ರೆ ಫೇಲ್ ಮಾಡ್ತಾರೆ."

"ಅದು ಅವರದ್ದು ಕಣ್ರೀ. ಒಂದ್ಮಾತು ಕೇಳಿ ಬನ್ನಿ. ಎರಡು ಮೆಟ್ಟಿಲು ಇಳಿಯಕ್ಕೆ ಏನ್ ಕಷ್ಟ?"

"ಕೇಳೋದೇನೇ? ನೋಡಿ ಖುಷಿ ಪಡ್ತಾರೆ."

ನಾಣ್ಯವನ್ನು ಉಜ್ಜಬಾರದು ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಆ ಮುದುಕರ ಕ್ಲಬ್ಬಿನ ಗೋಡೆಯ ಮೇಲೇ ಬರೆದು ಹಚ್ಚಿದ್ದರು. ಆದರೆ ಅದು ಹಲ್ಲುಪುಡಿ, ಪಾಲಿಷು, ಆಮ್ಲ ಇಂಥವುಗಳಿಗೆ ಹೇಳಿದ್ದೆಂದು ನನ್ನ ತಿಳಿವಳಿಕೆ. ವಿಭೂತಿಯೂ ಉಜ್ಜುವ ಪುಡಿಯ ಲೆಕ್ಕಕ್ಕೆ ಬರುತ್ತದೆಯೇ? ಅದನ್ನು ಹಣೆಗೆ ಹಚ್ಚಿಕೊಳ್ಳುತ್ತೇವೆ, ಹಣೆ ಗೀರುತ್ತದೆಯೇ? ಸೋಮವಾರದಿಂದ ಶುಕ್ರವಾರದವರೆಗೆ ಒರೆಸುವುದೆಂದರೆ ಗೀರುವುದು ಎಂದು ಪಾಠ ಹೇಳುತ್ತಿದ್ದ ಇಂಜಿನಿಯರು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿದ್ದನೋ ನನಗೆ ಗೊತ್ತಿಲ್ಲ. ಮೇಜಿನ ಮುಂದೆ ಕೂತಿದ್ದವನು ವಠಾರದ ಆ ಹುಡುಗ. ಇಪ್ಪತ್ತು ನಿಮಿಷ ತಿಕ್ಕಿದೆ. ದೊರೆಯ ಮೂಗು ಹೊಳೆಯಿತು, ದೋಣಿಯವರಿಬ್ಬರೂ ಬೆಳಕಿಗೆ ಬಂದರು. ಬಟ್ಟೆಯ ಚೂರು ಮಸಿಯಾಯಿತು. ಬೆಳ್ಳಿ ನಕ್ಕಿತು. ಮರುದಿನವೇ ರಿಜಿಸ್ಟರ್ಡ್ ಅಂಚೆಯಲ್ಲಿ ಟೊರೊಂಟೊಗೆ ಕಳಿಸಿ, ಅಂಕ ಅರವತ್ತೈದಕ್ಕೆ ಕಡಿಮೆ ಬರಲಾರದು ಎಂದು ಸುಧಾಳೊಡನೆ ಪಂಥ ಕಟ್ಟಿದೆ.

ಅಕ್ಟೋಬರಿನಲ್ಲಿ ಪೊಟ್ಟಣ ಬಂತು. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ಒಳಗೆ ಥಳಥಳಿಸುವ ಡಾಲರ್, ಮೇಲೊಂದು ಚೀಟಿ. ಅಂಕ ಇರಬೇಕಾದ ಜಾಗದಲ್ಲಿ ಅಂಕವಿರಲಿಲ್ಲ. ಎರಡು ಪದಗಳಿದ್ದವು. 'ಅಸಲಿ. ಉಜ್ಜಲಾಗಿದೆ.'

ಓಡಿಹೋಗಿ ಪೀಟರ್‌ಗೆ ತೋರಿಸಿದೆ. ಅವನು ಭೂತಗನ್ನಡಿಯಲ್ಲಿ ನೋಡಿದ, ನನ್ನನ್ನು ನೋಡಿದ, ಮತ್ತೆ ನಾಣ್ಯ ನೋಡಿದ. ಗಾಜನ್ನು ನನ್ನ ಕಣ್ಣಿಗೆ ಹಿಡಿದ. ದೊರೆಯ ಕೆನ್ನೆಯ ತುಂಬ ಕೂದಲೆಳೆಯಂಥ ಸಾವಿರ ಗೀರುಗಳು.

"ಹೇಗಿತ್ತು ಮೊದಲು?" ಎಂದ.

"ಕಪ್ಪಗಿತ್ತು. ಅಂಚಿನಲ್ಲಿ ನೇರಳೆ."

ಪೀಟರ್ ಕಣ್ಣು ಮುಚ್ಚಿಕೊಂಡ. ಅರ್ಧ ಶತಮಾನ ಸುಮ್ಮನೆ ಇದ್ದರಷ್ಟೇ ಬೆಳ್ಳಿಗೆ ಅಂಥ ಮೈ ಬರುತ್ತದೆ, ಹೋದರೆ ಮತ್ತೆ ಬರುವುದಿಲ್ಲ ಎಂದ. ಆ ಮೈಗಾಗಿಯೇ ಹುಡುಕಿಕೊಂಡು ಬರುವ ಜನರಿದ್ದಾರೆ ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅಪ್ಪನೂ ಹೀಗೇ, ನನ್ನ ಗಣಿತದ ಅಂಕ ನೋಡಿ ಬೈಯದೆ ಕನ್ನಡಕ ಒರೆಸುತ್ತಿದ್ದರು.

ಇನ್ನು ಕೋರಿಗೆ ಹೇಳಬೇಕು. ಹುಟ್ಟುಹಬ್ಬಕ್ಕೆ ಆರು ದಿನವಿತ್ತು. ಆರೂ ದಿನ ನಾನು ಅವರ ಬಾಗಿಲ ಮುಂದೆ ಕಳ್ಳಬೆಕ್ಕಿನಂತೆ ಹಾದುಹೋದೆ. "ಇನ್ನೂ ಹೇಳಿಲ್ವಾ?" ಎಂದು ಸುಧಾ ದಿನಕ್ಕೊಮ್ಮೆ ಕೇಳುತ್ತಿದ್ದಳು. ಹೇಳುವುದರ ಬದಲು ನಾನೊಂದು ಉಪಾಯ ಹೂಡಿದೆ. ಡಬ್ಬಿಗೆ ಅಗಲವಾದ ಕೆಂಪು ರಿಬ್ಬನ್ ಕಟ್ಟಿದೆ. ಅದು ಹಾದುಹೋಗುವುದು ಸರಿಯಾಗಿ 'ಉಜ್ಜಲಾಗಿದೆ' ಎಂಬ ಪದದ ಮೇಲೆ. 'ಅಸಲಿ' ಎಂಬುದು ಮಾತ್ರ ಕಾಣುತ್ತಿತ್ತು. ಕೋರಿಗೆ ಬೇಕಾಗಿದ್ದದ್ದೂ ಅಷ್ಟೇ ತಾನೆ, ಎಂದು ನನ್ನನ್ನು ನಾನೇ ಸಂತೈಸಿಕೊಂಡೆ.

ಡಚ್ಚರ ಹುಟ್ಟುಹಬ್ಬಕ್ಕೆ ನೀವು ಹೋಗಿಲ್ಲವಾದರೆ ಹೇಳುತ್ತೇನೆ. ಕೋಣೆಯ ಸುತ್ತ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿರುತ್ತಾರೆ. ಬಂದವರು ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ಕೂತ ಪ್ರತಿಯೊಬ್ಬರಿಗೂ ಕೈಕುಲುಕಿ 'ನಿಮ್ಮ ಅಕ್ಕನಿಗೆ ಅಭಿನಂದನೆ', 'ನಿಮ್ಮ ನೆರೆಯವರಿಗೆ ಅಭಿನಂದನೆ' ಎನ್ನುತ್ತ ಸುತ್ತು ಮುಗಿಸಬೇಕು. ಆಮೇಲೆ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಒಂದು ತುಂಡು ಕೇಕು, ಎರಡು ಲೋಟ ಕಾಫಿ. ತಪ್ಪಿಸಿಕೊಂಡು ಮೂಲೆ ಸೇರೋಣವೆಂದರೆ ವೃತ್ತದಲ್ಲಿ ಮೂಲೆಯೇ ಇರುವುದಿಲ್ಲ. ನನ್ನ ಎದುರಿನ ಕುರ್ಚಿಯಲ್ಲೇ ಹೆಂಕ್ ಕೂತಿದ್ದ. ಎತ್ತರದ ಮನುಷ್ಯ, ದೊಡ್ಡ ಕೈಗಳು, ಮಾತಿಗೊಮ್ಮೆ ನಗು.

ಕೋರಿ ನನ್ನ ಕಾಣಿಕೆಯನ್ನು ತೆಗೆದುಕೊಂಡು, ಒಳಗೆ ನೋಡದೆ, ರಿಬ್ಬನ್ ಕೂಡ ಬಿಚ್ಚದೆ ತಮ್ಮನ ಮಡಿಲಲ್ಲಿಟ್ಟರು. "ಓದು," ಎಂದರು.

ಹೆಂಕ್ ಕನ್ನಡಕ ಹಾಕಿಕೊಂಡ. 'ಅಸಲಿ' ಎಂದು ಗಟ್ಟಿಯಾಗಿ ಓದಿದ. ನಾನು ಉಸಿರು ಬಿಟ್ಟೆ. ಅವನೋ ಅಚ್ಚುಕಟ್ಟಿನ ಮನುಷ್ಯ, ಅರ್ಧ ಓದಿ ಬಿಡುವವನಲ್ಲ. ರಿಬ್ಬನ್ ಸರಿಸಿದ.

"ಉಜ್ಜಲಾಗಿದೆ," ಎಂದು ಓದಿ ತಲೆಯೆತ್ತಿದ. "ಯಾರು ಉಜ್ಜಿದ್ದು?"

ಸುಧಾ ನನ್ನ ಕಡೆ ನೋಡಲಿಲ್ಲ, ಕೇಕಿನ ಕಡೆ ನೋಡುತ್ತಿದ್ದಳು. ನನಗೆ ಬೇರೆ ದಾರಿಯಿರಲಿಲ್ಲ.

"ನಾನು," ಎಂದೆ. "ನಮ್ಮ ದೇವರ ಬೂದಿಯಿಂದ." ನನ್ನ ಹರಕು ಡಚ್ಚಿನಲ್ಲಿ ಅದು ಹೇಗೆ ಕೇಳಿಸಿತೋ, ಒಬ್ಬ ಹೆಂಗಸು ತಟ್ಟೆಯನ್ನು ಕೆಳಗಿಟ್ಟಳು.

ಕೋರಿ ಎದ್ದು ಬಂದು ತಮ್ಮನ ಹೆಗಲ ಮೇಲಿಂದ ಬಗ್ಗಿ, ಪ್ಲಾಸ್ಟಿಕ್ಕಿನೊಳಗೆ ನೋಡಿದರು. ಮುಖ ಬಿಳಿಚಿಕೊಂಡಿತು. "ನನ್ನನ್ನ ಕೇಳಬೇಕಿತ್ತು," ಎಂದರು ನನಗೆ. ಅಷ್ಟೇ. ಭೂಮಿ ಬಾಯ್ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಆದರೆ ಹಾಲೆಂಡಿನ ಭೂಮಿ ಬಾಯ್ಬಿಟ್ಟರೆ ಕೆಳಗೆ ಬರೀ ನೀರು.

ಹೆಂಕ್ ಮಾತ್ರ ಡಬ್ಬಿಯಿಂದ ಕಣ್ಣು ತೆಗೆದಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದ, ತಿರುಗಿಸಿದ. ಅವನ ನಗು ಎಲ್ಲೋ ಹೋಗಿತ್ತು.

"ಇದೇ," ಎಂದ. "ಹೀಗೇ ಹೊಳೀತಿತ್ತು. ಮುಂದೆ ಕೂತವನು ನಾನು, ಹಿಂದೆ ಕೂತವಳು ನೀನು ಅಂತ ಆಟ ಆಡಿದ್ವಿ. ಇದೇ ದೋಣಿ."

"ಹೇಳ್ತಾನೇ ಇದ್ದೆನಲ್ಲ," ಎಂದರು ಕೋರಿ.

"ಹಾಗಾದ್ರೆ ಅದು ಕಾಲುವೆಗೆ ಬೀಳಲೇ ಇಲ್ಲ."

"ಇಲ್ಲ."

"ಆ ಬೇಸಿಗೆ ಪೂರ್ತಿ ನಾನು ಕುಂಟೆ ಹಿಡಿದು ಕಾಲುವೆ ಕೆದಕಿದೆ, ಕೋರಿ. ದಿನಾ. ಅಪ್ಪನ ಹತ್ತಿರ ಎರಡು ಸಲ ಏಟು ತಿಂದೆ."

ಕೋರಿ ತಮ್ಮನ ಕುರ್ಚಿಯ ಬೆನ್ನು ಹಿಡಿದುಕೊಂಡು, "ನೋಡ್ತಿದ್ದೆ," ಎಂದರು. "ಕಿಟಕಿಯಿಂದ ದಿನಾ ನೋಡ್ತಿದ್ದೆ. ಆಗಲೂ ಹೇಳಲಿಲ್ಲ."

ತಮ್ಮ ನಂಬಿದರೆ ಸಾಕೆಂದು ವರ್ಷಗಟ್ಟಲೆ ಕಾದ ಹೆಂಗಸು, ಅವನು ನಂಬಿದ ಆ ಕ್ಷಣದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಹೆಂಕ್ ಡಬ್ಬಿಯನ್ನು ವಾಪಸು ಕೊಡಲು ಕೈ ಚಾಚಿದ. ಕೋರಿ ಅವನ ಬೆರಳುಗಳನ್ನು ಅದರ ಮೇಲೇ ಮಡಚಿದರು. "ನೀನು ಇಟ್ಟುಕೋ," ಎಂದರು. ಹೆಂಕ್ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತನ್ನ ಕುರ್ಚಿಯನ್ನು ಎಳೆದು ಅಕ್ಕನ ಕುರ್ಚಿಯ ಪಕ್ಕ ಹಾಕಿಕೊಂಡ. ವೃತ್ತ ಕೆಟ್ಟಿತು.

ಹೊರಡುವಾಗ ನಾನು ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದೆ. ಕೇಳುವಾಗಲೂ ಬುದ್ಧಿ ಸುಮ್ಮನಿರಲಿಲ್ಲ, "ಆದರೂ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತಲ್ಲವೇ, ನಾನು ಉಜ್ಜದಿದ್ದರೆ ಅವರು ಗುರುತಿಸುತ್ತಿರಲಿಲ್ಲ," ಎಂದೂ ಸೇರಿಸಿದೆ. ಸುಧಾ ನನ್ನ ತೋಳು ಚಿವುಟಿದಳು.

ಕೋರಿಗೆ ಸಿಟ್ಟು ಬರಲಿಲ್ಲ. ನನ್ನ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದನ್ನು ತಾವೇ ಬಿಚ್ಚಿ ಸರಿಮಾಡುತ್ತ ಹೇಳಿದರು:

"ಡಾಲರ್ ಅರ್ಧ ಅವನದ್ದೇ ಆಗಿತ್ತು, ಮೂರ್ತಿ. ಆ ಕಪ್ಪು ಪೂರ್ತಿ ನನ್ನದಾಗಿತ್ತು."